ಬಬಲೇಶ್ವರದ ಕಂಬಸಾಲು

ನಮ್ಮ ಪಡಸಾಲೆಯಲ್ಲಿ ಒಂದು ಕರಿಹಲಗೆ ಇದೆ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಹೊಸತರಲ್ಲಿ, ಓಣಿಯ ಹುಡುಗರಿಗೆ ಪುಕ್ಕಟೆ ವ್ಯಾಕರಣ ಹೇಳಿಕೊಡಬೇಕೆಂಬ ಹುರುಪಿನಿಂದ ಹಾಕಿಸಿದ್ದು. ಹುಡುಗರು ಎಂಟು ದಿನ ಬಂದರು. ಪುಕ್ಕಟೆಯಾದರೂ ಸಂಧಿ ಸಮಾಸಗಳಿಗೆ ಗಿರಾಕಿ ಇಲ್ಲವೆಂಬುದು ಒಂಬತ್ತನೆಯ ದಿನ ಗೊತ್ತಾಯಿತು. ಅಲ್ಲಿಂದ ಮುಂದೆ ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ತಾರೀಖು, ನಳ ಬಂದ ದಿನ, ಇವೇ ಆ ಹಲಗೆಯ ಸಾಹಿತ್ಯ. ಎರಡು ವರ್ಷದಿಂದೀಚೆಗೆ ಅದು ನನ್ನ ತಂಗಿಯ ಮಗಳ ಸ್ವಾಧೀನದಲ್ಲಿದೆ. ಬಬಲೇಶ್ವರದ ಹುಡುಗಿ. ತೊರವಿ ಹತ್ತಿರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದುತ್ತಾಳೆ, ಇರುವುದು ವಿಜಯಪುರದ ನಮ್ಮ ಮನೆಯಲ್ಲಿ.

ಒಂದು ಸಂಜೆ ಚಹಾ ಕುಡಿಯುತ್ತ ಕೂತಿದ್ದೆ. "ಮಾಮಾ, ಹಾಲಿನ ಲೆಕ್ಕ ಒರಸ್ಲಿ?" ಅಂದಳು. ಒರಸಿಯೇ ಕೇಳಿದ್ದಳು. ಹಲಗೆಯ ಮೇಲೆ ಮೂರು ಚುಕ್ಕಿ ಇಟ್ಟಳು. ಬಲಕ್ಕೆ ‘ವಿ’, ಅದರ ಸಮಕ್ಕೆ ಎಡಗಡೆ ‘ತಿ’, ‘ತಿ’ಯ ಕೆಳಗೆ ‘ಬ’. ನಕಾಶೆಯಲ್ಲಿ ವಿಜಯಪುರ, ತಿಕೋಟಾ, ಬಬಲೇಶ್ವರ ಕೂತಿರುವುದೂ ಹೀಗೆಯೇ. ಯಾವ ಊರಿನಿಂದ ಯಾವ ಊರಿಗೆ ಹೊರಟರೂ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರು, ಒಲೆಯ ಮೂರು ಕಲ್ಲಿನ ಹಾಗೆ. ತಿಕೋಟಾದಲ್ಲಿ ನನ್ನ ಅಕ್ಕ, ಬಬಲೇಶ್ವರದಲ್ಲಿ ತಂಗಿ. 2017ರ ಬಜೆಟ್ಟಿನ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಎರಡೂ ಊರಿನ ಹೆಸರು ಬಂದಾಗ, ಕೂತಲ್ಲೇ ಇಬ್ಬರೂ ತಾಲ್ಲೂಕು ಕೇಂದ್ರದವರಾದರು. ಅಂದಿನಿಂದ ಅಕ್ಕನ ಧ್ವನಿ ಒಂದು ಸುತ್ತು ಏರಿದೆ. ತಂಗಿಯದು ಮೊದಲಿದ್ದಷ್ಟೇ ಇದೆ.

ಅಡಿಗೆಮನೆಯಿಂದ ಹೊರಗೆ ಬಂದ ನಮ್ಮ ಮನೆಯಾಕೆ ಹಲಗೆ ನೋಡಿ, "ಮೂರ ಚುಕ್ಕಿದು ಎಂಥಾ ರಂಗೋಲಿನ?" ಅಂದಳು. ಆಕೆ ಹದಿನೈದು ಚುಕ್ಕಿಯಿಂದ ಒಂದಕ್ಕೆ ಇಳಿಯುವವಳು. ಮೂರು ಕಣ್ಣಿಗೆ ಹಿಡಿಸಲಿಲ್ಲ.

"ಅತ್ತೀ, ಇದು ಗ್ರಾಫ್. ಚುಕ್ಕಿ ಅಂದ್ರ ಊರು, ಗೆರಿ ಅಂದ್ರ ಸಂಬಂಧ. ನಿಮ್ಮ ರಂಗೋಲಿನೂ ಗ್ರಾಫನ. ಆದ್ರ ನಿಮ್ಮ ಗೆರಿಗೆ ಮಾರಿ ಇಲ್ಲ. ಇದಕ್ಕ ಐತಿ" ಎಂದು, ‘ತಿ’ಯಿಂದ ‘ವಿ’ಗೆ ಒಂದು ಗೆರೆ ಎಳೆದು ತುದಿಗೆ ಬಾಣದ ಮೊನೆ ಕೂಡಿಸಿದಳು. "ಬಾಣ ಹಚ್ಚಿದ್ರ ಡೈರೆಕ್ಟೆಡ್ ಗ್ರಾಫ್."

ನಾನು ಓದಿದ ಕಾಲದಲ್ಲಿ ಗ್ರಾಫೆಂದರೆ ಚೌಕುಳಿ ಹಾಳೆಯ ಮೇಲೆ ಏರಿಳಿಯುವ ಗೆರೆ. ಇದು ಬೇರೆ ಸಂಸಾರ. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆ ಇದ್ದವಂತೆ. ಒಂದೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಿ ಬರಲಾಗುವುದಿಲ್ಲವೆಂದು ಆಯ್ಲರ್ 1736ರಲ್ಲಿ ತೋರಿಸಿಕೊಟ್ಟ. ಈ ಶಾಸ್ತ್ರದ ಹುಟ್ಟು ಅಲ್ಲಿ. ‘ಗ್ರಾಫ್’ ಎಂದು ಹೆಸರಿಟ್ಟವನು ಸಿಲ್ವೆಸ್ಟರ್, 1878ರಲ್ಲಿ. ನಮ್ಮ ಸೀಮೆಗೂ ಇದರ ನಂಟು ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲೀಕಾರ 1979ರಲ್ಲಿ ಗ್ರಾಫುಗಳ ಮೇಲೆ ಬರೆದ ಪ್ರಬಂಧವೊಂದನ್ನು ಜಗತ್ತಿನ ಗಣಿತಜ್ಞರು ಇವತ್ತಿಗೂ ಉಲ್ಲೇಖಿಸುತ್ತಾರೆ. ಅದರ ತಿರುಳು ಇಷ್ಟು: ಕೆಲವೇ ಚುಕ್ಕಿಗಳನ್ನು ಆರಿಸಬೇಕು, ಉಳಿದ ಎಲ್ಲ ಚುಕ್ಕಿಗಳ ಮೇಲೂ ಅವುಗಳ ಕಣ್ಣಿರಬೇಕು, ಆರಿಸಿದವು ತಮ್ಮತಮ್ಮಲ್ಲೂ ಕೂಡಿಕೊಂಡಿರಬೇಕು. ಊರ ಹಿರಿಯರ ಪಂಚಾಯಿತಿಯ ಗಣಿತ ಎನ್ನಿ. ಧಾರವಾಡದಲ್ಲಿ ಹುಟ್ಟುವುದು ಸಹಜವೇ.

ಬಾಣದ ವಿಷಯ ಮಾತ್ರ ನನಗೆ ಕೂಡಲೇ ಹಿಡಿಯಿತು, ಯಾಕೆಂದರೆ ವಿಜಯಪುರವೇ ಬಾಣಗಳ ಊರು. ಹುಡುಗಿ ದಿನಾ ತೊರವಿಯಿಂದ ಬರುವ ದಾರಿಯಲ್ಲಿ, ನೆಲದಡಿಯ ಸುರಂಗದೊಳಗೆ, ಆದಿಲಶಾಹಿ ಕಾಲದಲ್ಲಿ ನೀರು ಊರಿಗೆ ಬರುತ್ತಿತ್ತು. ತೆಂಕಣದಲ್ಲಿ ಬೇಗಂ ತಲಾಬ್ ಇದೆ. ಮುಹಮ್ಮದ್ ಆದಿಲಶಹಾ 1651ರಲ್ಲಿ ಕಟ್ಟಿಸಿದ್ದು, 234 ಎಕರೆ ಹರವು. ಅಲ್ಲಿಂದ ಮಣ್ಣಿನ ಕೊಳವೆಗಳಿಗೆ ಗಾರೆಗಚ್ಚು ಹಾಕಿ ನೆಲದಲ್ಲಿ ಹೂತು ಊರೊಳಗೆ ನೀರು ತಂದರು. ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ನಡುನಡುವೆ ಎತ್ತರದ ಗಂಜುಗಳನ್ನು ಕಟ್ಟಿದರು. ನೀರು ಗಂಜಿನಲ್ಲಿ ಏರಿ, ಉಸಿರು ಬಿಟ್ಟು, ಕೆಸರನ್ನು ತಳಕ್ಕೆ ಇಳಿಸಿ ಮುಂದೆ ಹೋಗಬೇಕು. ಈಗಲೂ ಕೆಲವು ನಿಂತಿವೆ. ಮಂದಿ ಅವಕ್ಕೆ ಬೆನ್ನು ಹಚ್ಚಿ ಸ್ಕೂಟರ್ ನಿಲ್ಲಿಸುತ್ತಾರೆ. ತಲಾಬಿನಿಂದ ಗಂಜಿಗೆ, ಗಂಜಿನಿಂದ ಹೌದಿಗೆ ಬಾಣ. ಹೌದಿನಿಂದ ತಲಾಬಿಗೆ ಬಾಣವಿಲ್ಲ. ನೀರಿಗೆ ಬಂದ ದಾರಿ ಹಿಡಿದು ಹೊಳ್ಳಿ ಹೋಗುವುದು ಗೊತ್ತಿಲ್ಲ.

"ಹೌದ್ರಿ ಮಾಮಾ, ನೀರಿನ ಗ್ರಾಫಿನ್ಯಾಗ ಸುತ್ತು ಇರೂದಿಲ್ಲ. ಜಾಗಾದ ಎತ್ತರ ನೋಡಿ ಸಾಲಾಗಿ ಹೆಸರ ಬರದ್ರ, ಕೋಷ್ಟಕದಾಗ ಒಂದ ಎಲ್ಲಾ ಕರ್ಣದ ಮ್ಯಾಲಿನ ಭಾಗದಾಗ ಬಂದು ಕುಂದರ್ತಾವ. ಕೆಳಗ ಬರೇ ಸೊನ್ನಿ."

"ಹಂಗಾದ್ರ ತುಬಚಿ?" ಎಂದೆ. ತುಬಚಿ–ಬಬಲೇಶ್ವರ ಏತ ನೀರಾವರಿಯೆಂದರೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕೃಷ್ಣೆ ಕೆಳಗೆ ಜಮಖಂಡಿ ತಾಲ್ಲೂಕಿನಲ್ಲಿ ಹರಿಯುತ್ತಾಳೆ, ಬಬಲೇಶ್ವರ ತಿಕೋಟಾದ ಹೊಲಗಳು ಮೇಲೆ ಒಣಗುತ್ತಿದ್ದವು. ಪಂಪು ಕೂಡಿಸಿ ನೀರನ್ನು ಗುಡ್ಡ ಹತ್ತಿಸಿದರು.

ಹುಡುಗಿ ಒಂದು ಗಳಿಗೆ ಯೋಚಿಸಿ, "ಅದು ಕರ್ಣದ ಕೆಳಗ ಬರೂ ಒಂದು. ಅದಕ್ಕ ಕರೆಂಟ್ ಬಿಲ್ ಬರ್ತೈತಿ" ಅಂದಳು. ಪಾಠ ನನಗೆ ಬೇಕಾದ ಮಾತಿನಲ್ಲಿ ಬರತೊಡಗಿತು. ಚಹಾದ ಬಟ್ಟಲು ಕೆಳಗಿಟ್ಟೆ.

ಕೋಷ್ಟಕ ಎಂದಳಲ್ಲ, ಅದು ಹೀಗೆ. ಚಿತ್ರ ನಮಗೆ ಚಂದ, ಕಂಪ್ಯೂಟರಿಗೆ ಚಿತ್ರ ತಿಳಿಯುವುದಿಲ್ಲ. ಅದಕ್ಕಾಗಿ ಚೌಕುಳಿ. ಎಡಗಡೆ ಮೇಲಿಂದ ಕೆಳಗೆ ಮೂರು ಊರು, ಮೇಲ್ಗಡೆ ಎಡದಿಂದ ಬಲಕ್ಕೆ ಅವೇ ಮೂರು ಊರು. ಎಡಗಡೆಯ ಊರಿನಿಂದ ಮೇಲ್ಗಡೆಯ ಊರಿಗೆ ಬಾಣವಿದ್ದರೆ ಆ ಮನೆಯಲ್ಲಿ 1, ಇಲ್ಲದಿದ್ದರೆ 0. ಅಡ್ಡಸಾಲು ಓದಿದರೆ ಆ ಊರಿನವರು ಎಲ್ಲೆಲ್ಲಿಗೆ ಹೋಗುತ್ತಾರೆಂದು ತಿಳಿಯುತ್ತದೆ. ಕಂಬಸಾಲು ಓದಿದರೆ ಆ ಊರಿಗೆ ಯಾರು ಯಾರು ಬರುತ್ತಾರೆಂದು ತಿಳಿಯುತ್ತದೆ. ಕೆಲವು ಪುಸ್ತಕಗಳಲ್ಲಿ ಇದನ್ನು ತಿರುವಿಹಾಕಿರುತ್ತಾರಂತೆ, ಪರೀಕ್ಷೆಯಲ್ಲಿ ಹುಡುಗರು ಬೀಳುವುದು ಅಲ್ಲೇ. ಇದಕ್ಕೆ ಅಡ್ಜಸೆನ್ಸಿ ಮ್ಯಾಟ್ರಿಕ್ಸ್ ಎಂದು ಹೆಸರು. ಕನ್ನಡ ಮೇಷ್ಟ್ರಾದ ನನಗೆ ‘ನೆರೆಹೊರೆಯ ಮಾತೃಕೆ’ ಅನ್ನಬೇಕೆನಿಸಿತು. ಗೆರೆಗೆ ಬಾಣವಿಲ್ಲದಿದ್ದರೆ ಕೋಷ್ಟಕವನ್ನು ಕರ್ಣದ ಮೇಲೆ ಮಡಚಿದಾಗ ಎರಡು ಭಾಗವೂ ಒಂದರ ಮೇಲೊಂದು ಕೂಡುತ್ತವೆ. ಬಾಣ ಬಂತೆಂದರೆ ಆ ಭರವಸೆ ಇಲ್ಲ. ನಾನು ನಿನ್ನ ಮನೆಗೆ ಬಂದೆನೆಂದು ನೀನು ನನ್ನ ಮನೆಗೆ ಬರಬೇಕೆಂಬ ಕಾನೂನು ಗಣಿತದಲ್ಲಿಲ್ಲ.

ಕರ್ಣವೆಂದರೆ ಮೂಲೆಯಿಂದ ಮೂಲೆಗೆ ಇಳಿಯುವ ಮನೆಗಳು: ವಿಜಯಪುರದಿಂದ ವಿಜಯಪುರಕ್ಕೆ, ತಿಕೋಟಾದಿಂದ ತಿಕೋಟಾಕ್ಕೆ. ಅಲ್ಲಿ 1 ಬರೆಯಬೇಕಾದರೆ ಬಾಣ ಹೊರಟಲ್ಲಿಗೇ ಬಂದು ಚುಚ್ಚಬೇಕು. "ಇಂಥಾದ್ದು ಎಲ್ಲಿರ್ತೈತಿ?" ಎಂದು ಕೇಳಿ, ಕೇಳಿದ ಮೇಲೆ ನಾಚಿಕೆಯಾಯಿತು. 1656ರಿಂದ ಗೋಳಗುಮ್ಮಟ ಇದನ್ನೇ ಮಾಡುತ್ತ ನಿಂತಿದೆ. ಒಂದು ಸಲ ಕೂಗಿದರೆ ಏಳು ಸಲ ಕೂಗಿದವನ ಕಿವಿಗೇ ಹೊಡೆಯುತ್ತದೆ. ಶಾಲೆಯ ಹುಡುಗರನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಅವರು ತಮ್ಮ ಹೆಸರನ್ನೇ ಕೂಗುತ್ತಿದ್ದರು, ಮತ್ತೊಬ್ಬರ ಹೆಸರು ಕೂಗಿದವನನ್ನು ನಾನು ಕಂಡಿಲ್ಲ. ಅದೇ ಗುಮ್ಮಟದ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳುತ್ತದೆ, ಅವರು ಪಿಸುಗುಟ್ಟಿದರೆ ನಮಗೆ. ಅದು ಎರಡೂ ಕಡೆ ಬಾಣವಿರುವ ಗೆರೆ. ನಮ್ಮ ಭಾಷೆಯಲ್ಲಿ ಕರ್ಣವೆಂದರೆ ಕಿವಿಯೂ ಹೌದು. ಇದನ್ನು ಹುಡುಗಿಗೆ ಹೇಳಿ ಬೀಗಿದೆ. "ಪರೀಕ್ಷಾದಾಗ ಬರ್ಯಾಕ ಬರೂದಿಲ್ರಿ" ಅಂದಳು.

ಇಷ್ಟಾದ ಮೇಲೆ ಮೂರು ಊರಿನ ಕೋಷ್ಟಕ ತುಂಬಿದೆವು. ಬಾಣವೆಂದರೆ ‘ಮಂದಿ ಆ ಮನೆಗೆ ಬೀಗರಾಗಿ ಹೋಗಿ, ಉಂಡು, ಕೂತು ಬರುವುದು’ ಎಂದು ಹುಡುಗಿಯೇ ವ್ಯಾಖ್ಯೆ ಕೊಟ್ಟಳು. ಅಕ್ಕ ತಿಕೋಟಾದಿಂದ ನಮ್ಮಲ್ಲಿಗೆ ಬರುತ್ತಾಳೆ: 1. ತಂಗಿ ಬಬಲೇಶ್ವರದಿಂದ ಬರುತ್ತಾಳೆ: 1. ನಾವು ತಿಕೋಟಾಕ್ಕೆ ಹೋಗುತ್ತೇವೆ: 1. ಅಕ್ಕ ತಂಗಿಯರ ನಡುವೆ ಜಗಳವೇನೂ ಇಲ್ಲ, ಆದರೆ ಇಬ್ಬರೂ ನಮ್ಮಲ್ಲೇ ಭೆಟ್ಟಿಯಾಗುವುದರಿಂದ ಒಬ್ಬರ ಮನೆಗೊಬ್ಬರು ಹೋಗುವ ನೆಪವೇ ಹುಟ್ಟುವುದಿಲ್ಲ: 0, 0. ಉಳಿದದ್ದನ್ನು ಆಕೆ ಸುಮ್ಮನೆ ಬರೆದಳು, ನಾನೂ ಸುಮ್ಮನೆ ನೋಡಿದೆ.

ವಿಜಯಪುರದ ಸಾಲು: 0 1 0
ತಿಕೋಟಾದ ಸಾಲು: 1 0 0
ಬಬಲೇಶ್ವರದ ಸಾಲು: 1 0 0

ಆಗ ನನ್ನೊಳಗಿನ ಮೇಷ್ಟ್ರು ಎದ್ದ. ಅರ್ಧ ತಾಸಿನಿಂದ ಈ ಹುಡುಗಿ ಕಲಿಸುತ್ತಿದ್ದಾಳೆ, ನಾನು ಕಲಿಯುತ್ತಿದ್ದೇನೆ. ಈ ಬಾಣವನ್ನಾದರೂ ತಿರುಗಿಸಬೇಕಲ್ಲ! ಖಡು ಕಸಿದುಕೊಂಡು ಹಲಗೆಯ ಮೂಲೆಯಲ್ಲಿ ಬರೆದೆ: ಯಮಾತಾರಾಜಭಾನಸಲಗಂ.

"ಇದು ಗೊತ್ತೈತೇನು?"

"ಹೈಸ್ಕೂಲಿನ್ಯಾಗ ಬಾಯಿಪಾಠ ಮಾಡಿದ್ನಿರಿ. ಗಣ."

ಬಾಯಿಪಾಠ ಮಾಡಿಸಿದ್ದೇ ನಮ್ಮ ತಪ್ಪು. ಹತ್ತೇ ಅಕ್ಷರ. ಲಘು ಗುರು ಹಾಕಿದರೆ ‘ಲಘು ಗುರು ಗುರು ಗುರು ಲಘು ಗುರು ಲಘು ಲಘು ಲಘು ಗುರು’ ಎಂದಾಗುತ್ತದೆ. ಎಲ್ಲಿಂದ ಹಿಡಿದರೂ ಮೂರು ಅಕ್ಷರ ತೆಗೆದುಕೊಳ್ಳಿ. ಯಮಾತಾ ಯಗಣ, ಮಾತಾರಾ ಮಗಣ, ತಾರಾಜ ತಗಣ, ರಾಜಭಾ ರಗಣ, ಜಭಾನ ಜಗಣ, ಭಾನಸ ಭಗಣ, ನಸಲ ನಗಣ, ಸಲಗಂ ಸಗಣ. ಲಘು ಗುರುಗಳಿಂದ ಮೂರಕ್ಷರದ ಗಣಗಳು ಆಗುವುದೇ ಎಂಟು. ಎಂಟೂ ಬಂದವು, ಒಂದೂ ಎರಡು ಸಲ ಬರಲಿಲ್ಲ, ಪ್ರತಿ ಗಣದ ಮೊದಲಕ್ಷರವೇ ಅದರ ಹೆಸರು. ಹತ್ತನೆಯ ಶತಮಾನದ ಕೊನೆಗೆ ನಾಗವರ್ಮ ‘ಛಂದೋಂಬುಧಿ’ ಬರೆದು ಕನ್ನಡಕ್ಕೆ ಛಂದಶ್ಶಾಸ್ತ್ರ ಕೊಟ್ಟ ಮೇಲೆ, ಅಕ್ಷರವೃತ್ತ ಕಲಿತ ಕನ್ನಡಿಗರೆಲ್ಲ ಈ ಎಂಟರ ಜೊತೆ ಏಗಿದವರೇ. ಬಿಡಿಬಿಡಿಯಾಗಿ ಬರೆದರೆ ಇಪ್ಪತ್ತನಾಲ್ಕು ಅಕ್ಷರ ಬೇಕು. ಇಲ್ಲಿ ಹತ್ತರಲ್ಲಿ ಮುಗಿದಿದೆ.

ಹುಡುಗಿಯ ಕಣ್ಣು ದೊಡ್ಡವಾದವು. "ತಡೀರಿ ತಡೀರಿ ಮಾಮಾ" ಎಂದು ಖಡು ವಾಪಸ್ ಕಸಿದುಕೊಂಡಳು. ನಾಲ್ಕು ಚುಕ್ಕಿ ಇಟ್ಟಳು. ಒಂದೊಂದು ಚುಕ್ಕಿಗೂ ಎರಡೆರಡು ಅಕ್ಷರ: ಲಘುಗುರು, ಗುರುಗುರು, ಗುರುಲಘು, ಲಘುಲಘು. ಒಂದು ಚುಕ್ಕಿಯ ಎರಡನೆಯ ಅಕ್ಷರ ಮುಂದಿನ ಚುಕ್ಕಿಯ ಮೊದಲನೆಯದಾದರೆ ಅಲ್ಲಿಗೆ ಬಾಣ. ಬಾಣವೆಂದರೆ ಮೂರಕ್ಷರ, ಅಂದರೆ ಒಂದು ಗಣ. ಲಘುಗುರುವಿನಿಂದ ಗುರುಗುರುವಿಗೆ ಹೋದರೆ ಯಗಣ. ಗುರುಗುರುವಿನಿಂದ ತನಗೇ ತಾನು ಬಾಣ ಬಿಟ್ಟುಕೊಂಡರೆ ಮಗಣ, ಅದು ಗೋಳಗುಮ್ಮಟದ ಬಾಣ. ಅಲ್ಲಿಂದ ಗುರುಲಘುವಿಗೆ ತಗಣ, ಅಲ್ಲಿಂದ ಲಘುಗುರುವಿಗೆ ಹೊಳ್ಳಿದರೆ ರಗಣ, ಮತ್ತೆ ಗುರುಲಘುವಿಗೆ ಜಗಣ, ಲಘುಲಘುವಿಗೆ ಭಗಣ, ಅಲ್ಲೇ ಒಂದು ಸುತ್ತು ನಗಣ, ಕೊನೆಗೆ ಹೊರಟ ಚುಕ್ಕಿಗೇ ಬಂದು ಮುಟ್ಟಿದರೆ ಸಗಣ. ಎಂಟು ಬಾಣ, ಒಂದೊಂದರ ಮೇಲೂ ಒಂದೇ ಸಲ ನಡೆದು, ಹೊರಟಲ್ಲಿಗೆ ವಾಪಸ್.

"ಮಾಮಾ! ಇದು ಆಯ್ಲರ್ ಸರ್ಕ್ಯೂಟ್ರಿ!"

ಕೋನಿಗ್ಸ್‌ಬರ್ಗಿನ ಏಳು ಸೇತುವೆಯ ಮೇಲೆ ಆಗದ ನಡಿಗೆ ನಮ್ಮ ಛಂದಸ್ಸಿನ ಎಂಟು ಗಣಗಳ ಮೇಲೆ ಆಗುತ್ತದೆ. ಕಾರಣವೂ ಸರಳವೇ: ಪ್ರತಿ ಚುಕ್ಕಿಗೆ ಎರಡು ಬಾಣ ಬರುತ್ತವೆ, ಎರಡು ಬಾಣ ಹೋಗುತ್ತವೆ. ಬಂದಷ್ಟೇ ಹೋಗುವುದಿದ್ದರೆ, ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿದ್ದರೆ, ಎಲ್ಲ ಬಾಣಗಳನ್ನೂ ಮುಟ್ಟಿ ಮನೆಗೆ ಬರಬಹುದು. ಡಿ ಬ್ರೂಯಿನ್ ಎಂಬ ಡಚ್ ಗಣಿತಜ್ಞ 1946ರಲ್ಲಿ ಇಂಥ ಸರಪಳಿಗಳ ಲೆಕ್ಕ ಮಾಡಿ ಹೆಸರಾದ. ನಾನು ಮೂವತ್ತಮೂರು ವರ್ಷ ಇದನ್ನು ಹಲಗೆಯ ಮೇಲೆ ಬರೆದು, "ಬಾಯಿಪಾಠ ಮಾಡ್ರೋ" ಎಂದು ಕುರ್ಚಿಯಲ್ಲಿ ಕೂತು ಹಾಜರಿ ಬರೆದೆ.

ಆಕೆ ನಾಲ್ಕು ಚುಕ್ಕಿಗಳ ಕೋಷ್ಟಕವನ್ನೂ ಬರೆದಳು. ಎಲ್ಲ ಅಡ್ಡಸಾಲಿನಲ್ಲೂ ಎರಡು ಒಂದು, ಎಲ್ಲ ಕಂಬಸಾಲಿನಲ್ಲೂ ಎರಡು ಒಂದು. "ಈಗ ಇದನ್ನ ಇದರಿಂದನ ಗುಣಿಸೂಣು" ಅಂದಳು. ಮಾತೃಕೆಯ ಗುಣಾಕಾರ ಕೇಳಲು ತೊಡಕು, ಅರ್ಥ ಬಸ್‌ಸ್ಟ್ಯಾಂಡಿನಷ್ಟು ಸರಳ. ಮೊದಲನೆಯ ಊರಿನಿಂದ ನಡುವಿನ ಊರಿಗೆ ಬಸ್ಸಿರಬೇಕು, ನಡುವಿನ ಊರಿನಿಂದ ಮುಂದಿನ ಊರಿಗೂ ಬಸ್ಸಿರಬೇಕು. ಎರಡೂ ಇದ್ದರೆ ಒಂದು ಗುಣಿಲೆ ಒಂದು, ಒಂದು. ಯಾವುದೊಂದು ಇಲ್ಲದಿದ್ದರೂ ಸೊನ್ನೆ. ನಡುವಿನ ಊರುಗಳನ್ನೆಲ್ಲ ಹೀಗೆ ನೋಡಿ ಕೂಡಿಸಿದರೆ, ಎರಡು ಬಸ್ಸಿನಲ್ಲಿ ಹೋಗುವ ದಾರಿಗಳೆಷ್ಟೆಂದು ಸಿಗುತ್ತದೆ. ಮತ್ತೊಂದು ಸಲ ಗುಣಿಸಿದರೆ ಮೂರು ಬಸ್ಸಿನ ದಾರಿಗಳು. ಗಣಗಳ ಕೋಷ್ಟಕವನ್ನು ಒಂದೇ ಸಲ ಗುಣಿಸಿದ್ದಕ್ಕೆ ಹದಿನಾರು ಮನೆಗಳಲ್ಲೂ 1 ಬಂದು ಕೂತಿತು. ಒಂದೂ ಸೊನ್ನೆಯಿಲ್ಲ. ಎಲ್ಲಿಂದ ಹೊರಟರೂ ಎರಡೇ ಹೆಜ್ಜೆಯಲ್ಲಿ ಎಲ್ಲಿಗಾದರೂ ಹೋಗಬಹುದು, ದಾರಿಯೂ ಒಂದೇ. ಇಷ್ಟು ಅಚ್ಚುಕಟ್ಟಾದ ಸಂಸಾರವನ್ನು ನಾನು ನೋಡಿರಲಿಲ್ಲ.

ಆ ಖುಷಿಯಲ್ಲಿ ನಾನೇ ಹೋಗಿ ಬಲೆಗೆ ಬಿದ್ದೆ. "ನಮ್ಮ ಮೂರೂರಿಂದೂ ಹಂಗ ಗುಣಿಸವಾ, ನೋಡೂಣು" ಎಂದೆ.

ಗುಣಿಸಿದಳು.

ವಿಜಯಪುರ: 1 0 0
ತಿಕೋಟಾ: 0 1 0
ಬಬಲೇಶ್ವರ: 0 1 0

"ನೋಡ್ರಿ, ಬಬಲೇಶ್ವರದಿಂದ ತಿಕೋಟಾಕ್ಕ ಎರಡು ಹೆಜ್ಜಿ, 1 ಬಂತು" ಅಂದಳು. ನಿಜವೇ. ತಂಗಿ ತರುವ ಶೇಂಗಾ ಹಿಂಡಿ, ಖಡಕ್ ರೊಟ್ಟಿ ನಮ್ಮ ಮನೆಗೆ ಬಂದು, ನಮ್ಮ ಚೀಲದಲ್ಲಿ ಕೂತು ತಿಕೋಟಾ ಮುಟ್ಟುತ್ತವೆ. "ತಿಕೋಟಾದಿಂದ ಬಬಲೇಶ್ವರಕ್ಕ, 0." ಇದೂ ನಿಜ. ಅಕ್ಕನವರದು ದ್ರಾಕ್ಷಿ ಪಡ. ಮಣೂಕ ಒಣಗಿ ಶೆಡ್ಡಿನಿಂದ ಬಂತೆಂದರೆ ಅಕ್ಕ ನಮಗೆ ಎರಡು ಡಬ್ಬಿ ಕೊಡುತ್ತಾಳೆ, ಒಂದು ನಮಗೆ, ಒಂದು ತಂಗಿಗೆ. ನಮ್ಮದು ಹದಿನೈದು ದಿನಕ್ಕೆ ಮುಗಿಯುತ್ತದೆ. ಮನೆಗೆ ಯಾರೋ ಬರುತ್ತಾರೆ, ಶಿರಾ ಮಾಡಬೇಕು, ತಂಗಿಯ ಡಬ್ಬಿಯಿಂದ ಒಂದು ಹಿಡಿ ತೆಗೆಯುತ್ತೇವೆ. ಆಕೆ ಬರುವುದರೊಳಗೆ ಡಬ್ಬಿ ಅರ್ಧವಾಗಿರುತ್ತದೆ. ಅರ್ಧ ಡಬ್ಬಿ ಕೊಡುವುದು ಮರ್ಯಾದೆಯಲ್ಲವೆಂದು ಉಳಿದದ್ದನ್ನೂ ತಿಂದು ಮುಗಿಸುತ್ತೇವೆ. ಹುಡುಗಿಯ ಎದುರಿಗೇ ಎಷ್ಟು ಸಲ ಆ ಡಬ್ಬಿಯ ಮುಚ್ಚಳ ತೆಗೆದಿದ್ದೇನೋ.

"ಇನ್ನೊಮ್ಮಿ ಗುಣಿಸು" ಎಂದೆ. ಗುಣಿಸಿದಳು. ಮತ್ತೊಮ್ಮೆ ಎಂದೆ. ಎಡಗಡೆಯ ಎರಡು ಕಂಬಸಾಲುಗಳಲ್ಲಿ ಒಂದು ಸೊನ್ನೆಗಳು ಜಾಗ ಬದಲಾಯಿಸುತ್ತ ಆಟವಾಡುತ್ತಿದ್ದವು. ಬಲಗಡೆಯ ಸಾಲು ಮಿಸುಕಲಿಲ್ಲ. ಸೊನ್ನೆ, ಸೊನ್ನೆ, ಸೊನ್ನೆ.

"ನೂರು ಸಲ ಗುಣಿಸಿದ್ರೂ ಅಷ್ಟರಿ ಮಾಮಾ. ಎಷ್ಟು ಸುತ್ತಿ ಬಂದ್ರೂ ಕಡೀ ಹೆಜ್ಜಿ ಬಬಲೇಶ್ವರದಾಗ ಇಡಬೇಕಲ್ರಿ. ಆ ಹೆಜ್ಜಿನ ಇಲ್ಲ."

"ನೀ ಹೋಗ್ತೀಯಲ್ಲ, ವಾರಕ್ಕೊಮ್ಮಿ?"

"ನಾ ಲೆಕ್ಕಕ್ಕಿಲ್ರಿ. ನಾ ಆ ಮನಿಯಾಕಿ. ಮನಿಗೆ ಹೊಳ್ಳಿ ಹೋಗೂದು ಬೀಗರಾಗಿ ಹೋಗೂದಲ್ಲ."

"ಫೋನ್ ಮಾಡ್ತೀನಿ, ಎರಡ ದಿನಕ್ಕೊಮ್ಮಿ."

"ಅದು ಬ್ಯಾರೆ ಗ್ರಾಫ್ರಿ" ಎಂದು ಡಸ್ಟರ್ ಎತ್ತಿಕೊಂಡಳು. ಮುಖದಲ್ಲಿ ಏನೂ ಇರಲಿಲ್ಲ. ಅಸೈನ್‌ಮೆಂಟಿಗೆ ಒಂದು ಉದಾಹರಣೆ ಬೇಕಾಗಿತ್ತಂತೆ. ಇರಬಹುದು. ಅವರವ್ವನೂ ಹೀಗೆಯೇ, ಏನೂ ಅನ್ನುವುದಿಲ್ಲ.

ಯೋಚಿಸಿದರೆ ಕಾರಣ ಸಿಕ್ಕೇ ಸಿಗುತ್ತದೆ. ತಿಕೋಟಾಕ್ಕೆ ಹೋಗದಿದ್ದರೆ ಅಕ್ಕ ಬೈಯುತ್ತಾಳೆ, ಅದಕ್ಕೆ ಹೋಗುತ್ತೇನೆ. ತಂಗಿ ಬೈಯುವುದಿಲ್ಲ, ಅದಕ್ಕೆ ಹೋಗುವುದಿಲ್ಲ. ಮೊದಲಾದರೆ ನಾಗರಪಂಚಮಿಯ ಕಟ್ಟಳೆಯೊಂದಿತ್ತು. ಅಣ್ಣನಾದವನು ತಂಗಿಯ ಊರಿಗೆ ಹೋಗಿ, ಅವರ ಮನೆಯಲ್ಲಿ ಒಂದು ರಾತ್ರಿ ಇದ್ದು, ಬುತ್ತಿ ಕಟ್ಟಿಸಿಕೊಂಡು, ಆಕೆಯನ್ನು ತವರಿಗೆ ಕರೆತರಬೇಕು. ವರ್ಷಕ್ಕೊಂದು ಬಾಣವನ್ನು ಪಂಚಾಂಗವೇ ಬರೆಸುತ್ತಿತ್ತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ತಂಗಿ ಮೊದಲಿಗಿಂತ ಹೆಚ್ಚು ಬರತೊಡಗಿದಳು, ಪಂಚಮಿಗೆ ನಾನು ಫೋನಿನಲ್ಲೇ, "ಹೆಂಗೂ ಟಿಕೀಟಿಲ್ಲ, ನೀನ ಬಂದಬಿಡವಾ" ಎನ್ನತೊಡಗಿದೆ. ಸರ್ಕಾರ ಆಕೆಗೆ ಕೊಟ್ಟ ಸವಲತ್ತನ್ನು ನಾನು ಬಳಸಿಕೊಂಡೆ.

ಕಂಬಸಾಲಿನ ಮೊತ್ತಕ್ಕೆ ಹೊರಜಗತ್ತಿನಲ್ಲಿ ಬೆಲೆ ಜಾಸ್ತಿ. 1998ರಲ್ಲಿ ಲ್ಯಾರಿ ಪೇಜ್, ಸೆರ್ಗಿ ಬ್ರಿನ್ ಎಂಬ ಇಬ್ಬರು ಹುಡುಗರು ಇಂಟರ್ನೆಟ್ಟಿನ ಪುಟಗಳನ್ನೆಲ್ಲ ಚುಕ್ಕಿ ಮಾಡಿ, ಯಾವ ಪುಟಕ್ಕೆ ಎಲ್ಲಿಂದ ಬಾಣ ಬರುತ್ತದೆಂದು ನೋಡಿ ಗೂಗಲ್ ಕಟ್ಟಿದರು. ದೊಡ್ಡವರ ಬಾಣ ಬಂದರೆ ನೀನೂ ದೊಡ್ಡವ. ನೀನು ಎಷ್ಟು ಮಂದಿಯ ಕಡೆ ಬಾಣ ಬಿಟ್ಟೆ ಎಂಬುದರಿಂದ ನಿನಗೆ ಅಂಕ ಸಿಗುವುದಿಲ್ಲ. ಮದುವೆ ಮಂಟಪದಲ್ಲಿ ಮುಂದಿನ ಕುರ್ಚಿ ಯಾರಿಗೆಂಬುದನ್ನು ನಾವೂ ಹೀಗೆಯೇ ನಿರ್ಣಯಿಸುತ್ತೇವೆ. ಆ ಲೆಕ್ಕದಲ್ಲಿ ನಾವು ಮೊದಲ ಪುಟ, ಅಕ್ಕ ಎರಡನೆಯದು, ತಂಗಿ ಯಾರೂ ತೆರೆಯದ ಕಡೆಯ ಪುಟ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹೋಗಿ ಟ್ರಂಕಿನಿಂದ ಅವ್ವನ ಆಯೇರಿ ಬಹಿ ತೆಗೆದೆ. ನಾಲ್ಕನೆಯ ಇಯತ್ತೆ ಓದಿದ ಅವ್ವ. ಎಡಗಡೆಯ ಪುಟದಲ್ಲಿ ‘ಬಂದದ್ದು’, ಬಲಗಡೆ ‘ಕೊಟ್ಟದ್ದು’. ಗುಳೇದಗುಡ್ಡ ಖಣ ಒಂದು. ಧೋತರ ಜೋಡಿ. ರೂಪಾಯಿ 11. ಇಳಕಲ್ ಸೀರೆ, ‘ಸಾದಾ ಸೆರಗು’ ಎಂಬ ಷರಾ ಸಮೇತ. ಬಂದ ಎದುರಿಗೆ ಕೊಟ್ಟದ್ದು ಕಾಣದಿದ್ದರೆ ಅಲ್ಲಿ ಒಂದು ಸಣ್ಣ ಸೊನ್ನೆ. ಅವ್ವನ ಸೊನ್ನೆಗೆ ‘ಇಲ್ಲ’ ಎಂಬ ಅರ್ಥವಿರಲಿಲ್ಲ, ‘ಇನ್ನೂ ಆಗಬೇಕು’ ಎಂದು. ಮುಂದಿನ ಸುಗ್ಗಿಗೋ, ಅವರ ಮನೆಯ ತೊಟ್ಟಿಲಿಗೋ ಹೋಗಿ ಆ ಸೊನ್ನೆಯ ಮೇಲೆ ಗೀಟು ಹೊಡೆಯುವಳು. 1850ರಲ್ಲಿ ‘ಮ್ಯಾಟ್ರಿಕ್ಸ್’ ಎಂಬ ಹೆಸರನ್ನು ಗಣಿತಕ್ಕೆ ತಂದವನೂ ಅದೇ ಸಿಲ್ವೆಸ್ಟರನಂತೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಗರ್ಭವೆಂದು ಅರ್ಥ. ನಮ್ಮವರು ಮಾತೃಕೆ ಎಂದರು. ಬಹಿಯ ಕೊನೆಯ ಹಾಳೆಯವರೆಗೂ ನೋಡಿದೆ. ಇಬ್ಬರು ಹೆಣ್ಣುಮಕ್ಕಳ ಹೆಸರಿನ ಎದುರು ಅವ್ವ ಒಂದೂ ಸೊನ್ನೆ ಬಿಟ್ಟಿರಲಿಲ್ಲ. ಆಕೆ ಹೋದ ಮೇಲೆ ಬಹಿಯಲ್ಲಿ ಯಾರೂ ಏನೂ ಬರೆದಿಲ್ಲ.

ಮರುದಿನ ಮುಂಜಾನೆ ಮನೆಯಾಕೆಗೆ "ಪ್ಯಾಟಿಗೆ ಹೋಗಿ ಬರ್ತೀನಿ" ಎಂದಷ್ಟೇ ಹೇಳಿ ಹೊರಬಿದ್ದೆ. ಬಜಾರಿನಲ್ಲಿ ಒಂದು ಕಿಲೋ ಮಣೂಕ ಕೊಂಡೆ. ತಿಕೋಟಾದ್ದೇ ಎಂದು ಅಂಗಡಿಯವನು ಎರಡು ಸಲ ಹೇಳಿದ. ಜಮಖಂಡಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ಕಿಕ್ಕಿರಿದಿದ್ದರು. ಗಂಡಸರಲ್ಲಿ ನಿಂತವರೇ ಹೆಚ್ಚು, ನಾನೂ ನಿಂತೆ. ಕಂಡಕ್ಟರ್ ಟಿಕೀಟು ಹರಿದುಕೊಟ್ಟ. ಡೋಣಿಯ ಕರಿಮಣ್ಣಿನ ಹೊಲಗಳು ಕಿಟಕಿಯಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದವು. ಒಂದು ಕಡೆ ಕಾಲುವೆಯಲ್ಲಿ ನೀರು ಕಂಡಿತು, ಏರಿ ಬಂದ ದಣಿವಿನಲ್ಲಿ ಮೆಲ್ಲಗೆ ನಡೆಯುವವರ ಹಾಗೆ.

ಬಬಲೇಶ್ವರದಲ್ಲಿ ಇಳಿದಾಗ ತಂಗಿಯ ಓಣಿ ಯಾವ ಕಡೆಯೆಂದು ಒಂದು ಕ್ಷಣ ತಿಳಿಯಲಿಲ್ಲ. ಹೊಸ ಅಂಗಡಿಗಳಾಗಿವೆ. ಕೇಳಿಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ತಂಗಿ ಕಟ್ಟೆಯ ಮೇಲೆ ಮರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಿ ನೋಡಿದಳು. ಪಂಚಮಿಗೆ ಇನ್ನೂ ತಿಂಗಳಿತ್ತು. ಮದುವೆ ಮುಂಜಿ ಯಾರ ಮನೆಯಲ್ಲೂ ಇರಲಿಲ್ಲ. ಮರ ಕೈಯಿಂದ ಜಾರಿ ಜೋಳ ಕಟ್ಟೆಯ ತುಂಬ ಚೆಲ್ಲಿತು. ಎದ್ದು ನಿಂತಳು. ಮಾರಿ ಬೆಳ್ಳಗಾಗಿತ್ತು.

"ಯಣ್ಣಾ," ಅಂದಳು, "ಯಾರಿಗೇನಾತೋ?"